ಹೊಸ ಫ್ಲಾಟಿನ ಕೀ ತೆಗೆದುಕೊಳ್ಳುವ ಮುಂಚೆ ಇನ್ಸ್‌ಪೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಿಲ್ಡರ್ ಹತ್ತಿರ ಹೊಸ ಫ್ಲಾಟ್ ಬುಕ್ ಮಾಡಿ, "ಪೊಸೆಷನ್‌ಗೆ ರೆಡಿ, ಬಾಕಿ ಕಟ್ಟಿ" ಅನ್ನುವ ಮೇಲ್ ಬಂದ ಮೇಲೆ ಜನ ಕೇಳುವ ಪ್ರಶ್ನೆಗಳು ಇವು. ಸೈಟಿನಲ್ಲಿ ಕಟ್ಟಿ ಮಾರುವ ಮನೆಗಳ ಬಗ್ಗೆಯೂ ಕೆಳಗೆ ಒಂದು ಪ್ರಶ್ನೆ ಇದೆ. ಕಾನೂನಿನ ಮಾತು ಬಂದ ಕಡೆ ನಿಮ್ಮ ಅಗ್ರಿಮೆಂಟ್ ಪಕ್ಕದಲ್ಲಿ ಇಟ್ಟುಕೊಂಡು ಓದಿ. ಒಬ್ಬೊಬ್ಬ ಬಿಲ್ಡರ್ ಒಂದೊಂದು ಥರ ಬರೆಸಿರುತ್ತಾರೆ.

ಹೊಸ ಮನೆ ತಾನೇ? ಇನ್ನೂ ಯಾರೂ ಕಾಲಿಟ್ಟಿಲ್ಲ. ಇದಕ್ಯಾಕೆ ಇನ್ಸ್‌ಪೆಕ್ಷನ್?

ಯಾರೂ ಕಾಲಿಟ್ಟಿಲ್ಲ ಅನ್ನೋದೇ ಕಾರಣ. ಹಳೇ ಮನೆ ತನ್ನ ಹುಳುಕನ್ನು ತಾನೇ ತೋರಿಸಿಬಿಟ್ಟಿರುತ್ತದೆ. ನಾಲ್ಕು ಮಳೆಗಾಲ ಕಂಡ ಗೋಡೆಯಲ್ಲಿ ಸೋರಿದ ಕಲೆ ಇರುತ್ತದೆ, ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ಪೇಂಟ್ ಉಬ್ಬಿರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹೊಸ ಫ್ಲಾಟಿನಲ್ಲಿ ಯಾರೂ ಸ್ನಾನ ಮಾಡಿಲ್ಲ, ಗೀಸರ್ ಹಾಕಿಲ್ಲ, ಸಿಂಕಿನಲ್ಲಿ ಪಾತ್ರೆ ತೊಳೆದಿಲ್ಲ. ಎರಡು ಕೋಟ್ ಪೇಂಟ್ ಎಲ್ಲವನ್ನೂ ಮುಚ್ಚಿರುತ್ತದೆ.

ಇನ್ನೊಂದು ವಿಷಯ. ಬಿಲ್ಡರ್ ಹೆಸರು ಒಂದೇ ಆದರೂ ಕೆಲಸ ಮಾಡಿದವರು ಹತ್ತು ಜನ. ಬ್ಲಾಕ್ ಕಟ್ಟಿದವರು ಬೇರೆ, ಪ್ಲಾಸ್ಟರ್ ಮಾಡಿದವರು ಬೇರೆ, ಪ್ಲಂಬಿಂಗ್, ವೈರಿಂಗ್, ವಾಟರ್‌ಪ್ರೂಫಿಂಗ್, ಟೈಲ್ಸ್, ಕಿಟಕಿ ಎಲ್ಲವೂ ಸಬ್ ಕಾಂಟ್ರಾಕ್ಟ್. ಟೈಲ್ಸ್ ಹಾಕಲು ಬಂದವನು ವಾಟರ್‌ಪ್ರೂಫಿಂಗ್ ಪದರಕ್ಕೆ ಉಳಿಯಿಂದ ಪೆಟ್ಟು ಕೊಟ್ಟರೆ ವಾಟರ್‌ಪ್ರೂಫಿಂಗ್ ಮಾಡಿದವನಿಗೆ ಗೊತ್ತೇ ಆಗುವುದಿಲ್ಲ. ರೇರಾಕ್ಕೆ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ಕೊಟ್ಟ ಕೊನೇ ತಾರೀಕು ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಓಡುತ್ತಾರೆ. ದೊಡ್ಡ ಬಿಲ್ಡರ್ ಆದರೆ ತೊಂದರೆ ಇಲ್ಲ ಅಂತ ನಂಬಬೇಡಿ. ಅಲ್ಲೂ ಇದೇ ಕಥೆ, ಲಾಬಿ ಮಾತ್ರ ಚೆನ್ನಾಗಿರುತ್ತದೆ.

ಯಾವಾಗ ಮಾಡಿಸಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಓಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್, ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಬಂದ ಮೇಲೆ, ಕೊನೇ ಕಂತು ಕಟ್ಟುವ ಮುಂಚೆ, ಸೇಲ್ ಡೀಡ್ ರಿಜಿಸ್ಟ್ರೇಷನ್‌ಗೆ ಮುಂಚೆ, ಪೊಸೆಷನ್ ಲೆಟರ್‌ಗೆ ಸಹಿ ಹಾಕುವ ಮುಂಚೆ. ಈ ಅವಧಿ ತುಂಬ ಚಿಕ್ಕದು.

ಜನ ಮಾಡುವುದು ಉಲ್ಟಾ. ಡಿಮಾಂಡ್ ಲೆಟರ್ ಬಂದ ತಕ್ಷಣ ಬ್ಯಾಂಕಿಗೆ ಹೇಳಿ ಕೊನೇ ದುಡ್ಡು ಬಿಡುಗಡೆ ಮಾಡಿಸುತ್ತಾರೆ, ರಿಜಿಸ್ಟರ್ ಮಾಡಿಸುತ್ತಾರೆ, ಕೀ ಇಸ್ಕೊಳ್ಳುತ್ತಾರೆ, ಆಮೇಲೆ ಫೀಸ್ ಕೊಟ್ಟು ಮನೆ ಪರೀಕ್ಷೆ ಮಾಡಿಸಲು ಖಾಸಗಿ ಇನ್ಸ್‌ಪೆಕ್ಟರ್ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಸೈಟ್ ಎಂಜಿನಿಯರ್ ಮುಂದಿನ ಟವರಿಗೆ ಹೋಗಿರುತ್ತಾನೆ, ಫೋನ್ ಎತ್ತುವುದು ಕಸ್ಟಮರ್ ಕೇರ್ ಹುಡುಗಿ, ಆಕೆ ಟಿಕೆಟ್ ನಂಬರ್ ಕೊಡುತ್ತಾಳೆ. ಕೊನೇ ಕಂತು ಬಾಕಿ ಇರುವಾಗ ಅದೇ ದೋಷಗಳ ಪಟ್ಟಿಗೆ ಬೆಲೆನೇ ಬೇರೆ.

ಹಾಗಂತ ದುಡ್ಡು ಹಿಡಿದಿಟ್ಟುಕೊಂಡು ಸುಮ್ನೆ ಕೂರಲು ಆಗುವುದಿಲ್ಲ. 2016ರ ರೇರಾ ಕಾಯ್ದೆಯ 19ನೇ ಸೆಕ್ಷನ್ ಕೊಳ್ಳುವವರಿಗೂ ಜವಾಬ್ದಾರಿ ಹಾಕಿದೆ: ಕಂತು ತಡವಾದರೆ ಬಡ್ಡಿ, ಮತ್ತು ಓಸಿ ಬಂದ ಎರಡು ತಿಂಗಳೊಳಗೆ ಪೊಸೆಷನ್ ತೆಗೆದುಕೊಳ್ಳಬೇಕು. ಅದಕ್ಕೇ ಲೆಟರ್ ಬಂದ ವಾರದಲ್ಲೇ ಇನ್ಸ್‌ಪೆಕ್ಷನ್ ಮಾಡಿಸಿ, ಪಟ್ಟಿಯನ್ನು ಮೇಲ್ ಮಾಡಿ, "ಇವು ಸರಿಯಾದ ತಕ್ಷಣ ಬಾಕಿ ಕಟ್ಟಿ ಪೊಸೆಷನ್ ತೆಗೆದುಕೊಳ್ಳಲು ನಾನು ಸಿದ್ಧ" ಅಂತ ಬರೆದಿಡಿ. ತಡ ಆಗುತ್ತಿರುವುದು ಯಾರಿಂದ ಅನ್ನೋದು ಕಾಗದದ ಮೇಲೆ ಇರಲಿ.

ಇಂಟೀರಿಯರ್ ಕೆಲಸ ಶುರುವಾದ ಮೇಲಂತೂ ಮಾಡಿಸಿ ಪ್ರಯೋಜನ ಕಡಿಮೆ. ವಾರ್ಡ್‌ರೋಬ್ ಹಿಂದೆ ತೇವ ಇದ್ದರೆ ಕಾಣುವುದಿಲ್ಲ. ಟೈಲ್ ಒಡೆದಿದ್ದರೆ "ನಿಮ್ಮ ಕಾರ್ಪೆಂಟರ್ ಒಡೆದಿದ್ದು" ಅನ್ನುತ್ತಾರೆ, ಅಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಆಷಾಢದಲ್ಲಿ ಗೃಹಪ್ರವೇಶ ಆಗಲ್ಲ. ಅಲ್ಲಿವರೆಗೆ ಸುಮ್ಮನೆ ಬಿಡೋದಾ?

ಬಿಡಬೇಡಿ, ಅದೇ ಒಳ್ಳೇ ಕಾಲ. ಹಾಲು ಉಕ್ಕಿಸಲು ಆಷಾಢ ಬೇಡ ಅನ್ನುವವರು ಇನ್ಸ್‌ಪೆಕ್ಷನ್‌ಗೆ ಆಷಾಢವನ್ನೇ ಹಿಡಿಯಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವುದಾದರೂ ಜೋರು ಮಳೆ ಬಂದ ಮಾರನೇ ದಿನ ಫ್ಲಾಟಿಗೆ ಹೋದರೆ ಯಾವ ಮೆಷಿನ್ನೂ ತೋರಿಸದ್ದನ್ನು ಮಳೆ ತೋರಿಸುತ್ತದೆ. ಕಿಟಕಿ ಕೆಳಗಿನ ಗೋಡೆ, ಹೊರಗೋಡೆಯ ಮೂಲೆಗಳು, ಕೊನೇ ಮಹಡಿಯಾದರೆ ಸೀಲಿಂಗ್, ಇಷ್ಟನ್ನು ಕೈಯಿಂದ ಮುಟ್ಟಿ ನೋಡಿದರೆ ಸಾಕು. ಮರದ ಬಾಗಿಲು ತೇವಕ್ಕೆ ಊದಿ ಚೌಕಟ್ಟಿಗೆ ಉಜ್ಜುತ್ತದೋ ಅನ್ನೋದೂ ಆಗಲೇ ಗೊತ್ತಾಗುವುದು. ಬೇಸಿಗೆಯಲ್ಲಿ ಪೊಸೆಷನ್ ಬಂದವರು ಕಿಟಕಿಗೆ ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆಸಿ ನೋಡಬೇಕಾಗುತ್ತದೆ.

ಒಂದು ಪಕ್ಕದ ಮಾತು: ಹೋಮ ಮಾಡಿಸುವವರು ಹಾಲ್ ಗೋಡೆಯ ಕೊನೇ ಕೋಟ್ ಪೇಂಟನ್ನು ಗೃಹಪ್ರವೇಶ ಆದ ಮೇಲೆ ಹೊಡೆಯಿರಿ ಅಂತ ಬಿಲ್ಡರ್‌ಗೆ ಕೇಳಿ. ಎಷ್ಟೋ ಜನ ಒಪ್ಪುತ್ತಾರೆ.

ಇನ್ಸ್‌ಪೆಕ್ಟರ್ ಬಂದು ಏನು ಮಾಡುತ್ತಾನೆ?

ಸಾಮಾನ್ಯವಾಗಿ ಇಬ್ಬರು ಬರುತ್ತಾರೆ, ಎರಡು ಮೂರು ಬೆಡ್‌ರೂಮಿನ ಫ್ಲಾಟಿಗೆ ಅರ್ಧ ದಿನ ಹಿಡಿಯುತ್ತದೆ. ಲೇಸರ್ ಲೆವೆಲ್ ಇಟ್ಟು ನೆಲ, ಗೋಡೆ ನೋಡುತ್ತಾರೆ. ಮೂಲೆಮಟ್ಟ ಇಟ್ಟು ಕೋಣೆಯ ಮೂಲೆ 90 ಡಿಗ್ರಿ ಇದೆಯಾ ನೋಡುತ್ತಾರೆ, ಇದು ಅಡಿಗೆಮನೆಯಲ್ಲಿ ಮುಖ್ಯ, ಮಾಡ್ಯುಲರ್ ಕಿಚನ್ ಕೂರಿಸುವಾಗ ಮೂಲೆ ಸೊಟ್ಟಗಿದ್ದರೆ ಗೋಡೆ ಹತ್ತಿರ ಸಂದಿ ಬೀಳುತ್ತದೆ. ತೇವ ಅಳೆಯುವ ಮೀಟರ್, ಸಾಕೆಟ್ ಟೆಸ್ಟರ್, ಟೈಲ್ ತಟ್ಟುವ ಕೋಲು, ಟಾರ್ಚು, ಕೆಲವರ ಹತ್ತಿರ ಥರ್ಮಲ್ ಕ್ಯಾಮೆರಾ. ಪ್ರತಿ ದೋಷಕ್ಕೂ ಫೋಟೋ ತೆಗೆದು, ಗೋಡೆ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಆಮೇಲೆ ರಿಪೋರ್ಟ್ ಕಳಿಸುತ್ತಾರೆ.

ನೀವೂ ಜೊತೆಯಲ್ಲಿ ಇರಿ. ರಿಪೋರ್ಟಿನಲ್ಲಿ ಬರೆಯದ ಎಷ್ಟೋ ಮಾತು ಅವರು ಬಾಯಲ್ಲಿ ಹೇಳುತ್ತಾರೆ.

ಯಾರನ್ನು ನಂಬಬೇಕು? ಇದಕ್ಕೆ ಲೈಸೆನ್ಸ್ ಇದೆಯಾ?

ನಮ್ಮ ದೇಶದಲ್ಲಿ ಮನೆ ಇನ್ಸ್‌ಪೆಕ್ಟರ್‌ಗೆ ಅಂತ ಸರ್ಕಾರದ ಲೈಸೆನ್ಸ್ ಇಲ್ಲ. ನಾಳೆ ಬೆಳಗ್ಗೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿ. ಬರುವ ವ್ಯಕ್ತಿ ಸಿವಿಲ್ ಎಂಜಿನಿಯರ್ ಹೌದಾ, ಸೈಟಿನಲ್ಲಿ ಕೆಲಸ ಮಾಡಿದ ಅನುಭವ ಇದೆಯಾ? ವೈರಿಂಗ್ ನೋಡುವವರು ಯಾರು? ಹಳೇ ರಿಪೋರ್ಟ್ ಒಂದರ ಹೆಸರು ಅಳಿಸಿದ ಕಾಪಿ ತೋರಿಸಿ. ಬಿಲ್ಡರ್ ರಿಪೇರಿ ಮಾಡಿದ ಮೇಲೆ ಇನ್ನೊಮ್ಮೆ ಬಂದು ನೋಡುತ್ತೀರಾ, ಅದು ಇದೇ ಫೀಸಿನಲ್ಲಿ ಸೇರಿದೆಯಾ? ಈ ಕೊನೇ ಪ್ರಶ್ನೆಗೆ "ಇಲ್ಲ" ಅಂದರೆ ನಾನಂತೂ ಬೇರೆಯವರನ್ನು ನೋಡುತ್ತೇನೆ.

"ಫ್ರೀ ಇನ್ಸ್‌ಪೆಕ್ಷನ್" ಅನ್ನುವವರಿಂದ ದೂರ ಇರಿ. ಇಂಟೀರಿಯರ್ ಕಂಪನಿಯಾದರೆ ಅವರಿಗೆ ನಿಮ್ಮ ಕಿಚನ್ ಆರ್ಡರ್ ಬೇಕು, ವಾಟರ್‌ಪ್ರೂಫಿಂಗ್ ಮಾರುವವರಾದರೆ ಎಲ್ಲ ಗೋಡೆಯಲ್ಲೂ ತೇವ ಕಾಣುತ್ತದೆ. ಬಿಲ್ಡರ್ ಕಡೆಯವರೇ ಪರಿಚಯ ಮಾಡಿಸಿದ ಇನ್ಸ್‌ಪೆಕ್ಟರ್ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಫೀಸ್ ಜಾಸ್ತಿ ಅನ್ನಿಸುತ್ತಿದೆ.

ಚದರಡಿ ಲೆಕ್ಕದಲ್ಲೋ ಬೆಡ್‌ರೂಮ್ ಲೆಕ್ಕದಲ್ಲೋ ತೆಗೆದುಕೊಳ್ಳುತ್ತಾರೆ, ಮೇಲೆ ಜಿಎಸ್‌ಟಿ. ಎರಡು ಮೂರು ಕಡೆ ಕೇಳಿ ನೋಡಿ, ಅದೇ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಸೇರಿ ಕರೆಸಿದರೆ ಕಡಿಮೆ ಮಾಡುತ್ತಾರೆ. ಹೋಲಿಸಿ ನೋಡುವುದಾದರೆ: 45 ಲಕ್ಷಕ್ಕಿಂತ ಮೇಲಿನ ಫ್ಲಾಟಿಗೆ ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ರಿಜಿಸ್ಟ್ರೇಷನ್ ಫೀಸ್ 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್. 80 ಲಕ್ಷದ ಫ್ಲಾಟಿಗೆ ಇವೆರಡೇ 5 ಲಕ್ಷ 60 ಸಾವಿರ, ಸೆಸ್ಸು ಬೇರೆ. ಅದರ ಪಕ್ಕದಲ್ಲಿ ಇನ್ಸ್‌ಪೆಕ್ಷನ್ ಫೀಸ್ ಇಟ್ಟು ನೋಡಿ.

ಹೊರಗಿನವರನ್ನು ಒಳಗೆ ಬಿಡಲ್ಲ ಅಂತ ಬಿಲ್ಡರ್ ಹೇಳಿದರೆ?

ಹೇಳುತ್ತಾರೆ. "ನಮ್ಮದೇ ಕ್ವಾಲಿಟಿ ಟೀಮ್ ಇದೆ" ಅನ್ನುತ್ತಾರೆ, "ಸೇಫ್ಟಿ ಕಾರಣ" ಅನ್ನುತ್ತಾರೆ, "ಫುಲ್ ಪೇಮೆಂಟ್ ಆದ ಮೇಲೆ ಕರೆಸಿ" ಅನ್ನುತ್ತಾರೆ. ಹೊರಗಿನ ಇನ್ಸ್‌ಪೆಕ್ಟರನ್ನು ಕರೆತರುವುದು ನಿಮ್ಮ ಹಕ್ಕು ಅಂತ ರೇರಾ ಕಾಯ್ದೆಯಲ್ಲಿ ಬಿಡಿಸಿ ಬರೆದಿಲ್ಲ, ಹಾಗಾಗಿ ಇದು ಮಾತಿನಲ್ಲಿ ಗೆಲ್ಲಬೇಕಾದ ವಿಷಯ. ಒಳ್ಳೇ ದಾರಿ ಅಂದರೆ ಅಗ್ರಿಮೆಂಟ್ ಮಾಡುವಾಗಲೇ ಒಂದು ಸಾಲು ಸೇರಿಸಿಕೊಳ್ಳುವುದು. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಆಗದೆ 10 ಪರ್ಸೆಂಟಿಗಿಂತ ಜಾಸ್ತಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಅಂದರೆ ಆ ಹಂತದಲ್ಲಿ ನಿಮ್ಮ ಮಾತಿಗೆ ಇನ್ನೂ ತೂಕ ಇರುತ್ತದೆ.

ಆ ಹಂತ ದಾಟಿದ್ದರೆ ಮೇಲ್‌ನಲ್ಲಿ ಕೇಳಿ, ಫೋನಿನಲ್ಲಲ್ಲ. "ನನ್ನ ಜೊತೆ ಒಬ್ಬರು ಎಂಜಿನಿಯರ್ ಬರುತ್ತಾರೆ, ಯಾವ ದಿನ ಬರಲಿ?" ಅಂತ ಕೇಳಿದರೆ ಸಾಕು, ಇನ್ಸ್‌ಪೆಕ್ಷನ್ ಕಂಪನಿ ಅಂತ ದೊಡ್ಡದಾಗಿ ಹೇಳಬೇಕಿಲ್ಲ. ಹೆಲ್ಮೆಟ್ ಹಾಕಿಕೊಂಡು ಬರುತ್ತೇವೆ ಅನ್ನಿ. ಬರೆದು "ಆಗಲ್ಲ" ಅನ್ನಲು ಬಿಲ್ಡರ್‌ಗಳು ಹಿಂಜರಿಯುತ್ತಾರೆ. ಪಕ್ಕದ ಮನೆಯವರೂ ಅದೇ ಮೇಲ್ ಹಾಕಿದರೆ ಇನ್ನೂ ಸುಲಭ.

ಯಾವ ದೋಷಗಳು ಜಾಸ್ತಿ ಸಿಗುತ್ತವೆ?

ನೀರಿನದ್ದು. ಮೊದಲನೆಯದೂ ನೀರು, ಎರಡನೆಯದೂ ನೀರು.

ಬಾತ್‌ರೂಮ್ ನೆಲದ ವಾಟ ಸರಿ ಇರುವುದಿಲ್ಲ. ಒಂದು ಬಕೆಟ್ ನೀರು ಸುರಿದರೆ ಅದು ಜಾಲರಿ ಕಡೆ ಹೋಗಬೇಕು, ಬಾಗಿಲ ಕಡೆ ಅಲ್ಲ, ಮೂಲೆಯಲ್ಲಿ ನಿಲ್ಲಲೂಬಾರದು. ಬಾಲ್ಕನಿಯೂ ಹಾಗೇ, ಅದರ ನೆಲ ಹಾಲಿನ ನೆಲಕ್ಕಿಂತ ಕೆಳಗಿರಬೇಕು. ಇನ್ನು ಬಾತ್‌ರೂಮ್ ಸ್ಲ್ಯಾಬ್ ಕೆಳಗಿಳಿಸಿ ತುಂಬಿಸಿರುತ್ತಾರಲ್ಲ, ಆ ತುಂಬಿಸಿದ ಜಾಗದಲ್ಲಿ ನೀರು ಇಳಿದರೆ ವರ್ಷಗಟ್ಟಲೆ ಅಲ್ಲೇ ನಿಂತು ಗೋಡೆಯ ಆಚೆ ಬದಿಯಲ್ಲಿ ಬಿಳೀ ಪುಡಿಯಾಗಿ, ಪೇಂಟಿನ ಗುಳ್ಳೆಯಾಗಿ ಹೊರಬರುತ್ತದೆ. ಇದನ್ನು ಪರೀಕ್ಷೆ ಮಾಡಲು ಜಾಲರಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಮನೆಯ ಬಾತ್‌ರೂಮ್ ಸೀಲಿಂಗ್ ನೋಡಬೇಕು. ಇನ್ಸ್‌ಪೆಕ್ಟರ್ ಅರ್ಧ ದಿನದಲ್ಲಿ ಹೋಗಿಬಿಡುತ್ತಾನೆ, ಆದ್ದರಿಂದ ನೀರು ನಿಲ್ಲಿಸುವ ಕೆಲಸವನ್ನು ಮುಂಚೆಯೇ ಸೈಟ್ ಎಂಜಿನಿಯರ್ ಕೈಯಲ್ಲಿ ಮಾಡಿಸಿಡಿ. ನಿಮ್ಮ ಬಾತ್‌ರೂಮಿನ ಫಾಲ್ಸ್ ಸೀಲಿಂಗಿನ ಸಣ್ಣ ಬಾಗಿಲು ತೆಗೆದು ಟಾರ್ಚ್ ಹಾಕಿ ಮೇಲೆ ನೋಡುವುದನ್ನೂ ಮರೆಯಬೇಡಿ. ಅಲ್ಲಿ ಕಾಣುವುದು ಮೇಲಿನ ಮನೆಯ ಪೈಪು. ಮೇಲಿನವರು ಇನ್ನೂ ಬಂದಿಲ್ಲದಿದ್ದರೆ ಅಲ್ಲೂ ಒಂದು ಬಕೆಟ್ ಸುರಿಸಿ.

ಡ್ರೈನ್ ಪೈಪಿನೊಳಗೆ ಸಿಮೆಂಟ್. ಟೈಲ್ಸ್ ಕೆಲಸದವರು ಸಂದಿ ತುಂಬಿದ ಮೇಲೆ ಉಳಿದ ಸಿಮೆಂಟ್ ನೀರನ್ನು ಅಲ್ಲೇ ಜಾಲರಿಗೆ ತೊಳೆದುಬಿಡುತ್ತಾರೆ, ಒಳಗೆ ಅದು ಗಟ್ಟಿಯಾಗುತ್ತದೆ. ಎಲ್ಲ ಜಾಲರಿಗೂ, ಬಾಲ್ಕನಿಯದಕ್ಕೂ, ವಾಷಿಂಗ್ ಮೆಷಿನ್ ಪೈಪಿಗೂ ಬಕೆಟ್‌ಗಟ್ಟಲೆ ಸುರಿದು ನೋಡಿ. ಎಸಿ ನೀರು ಹೋಗುವ ಪೈಪು ಮುಚ್ಚಿಹೋಗಿರುವುದು, ಅಥವಾ ಉಲ್ಟಾ ವಾಟದಲ್ಲಿರುವುದು ಬಹಳ ಸಾಮಾನ್ಯ. ಅದು ಗೊತ್ತಾಗುವುದು ಏಪ್ರಿಲ್‌ನಲ್ಲಿ, ಹಾಸಿಗೆ ಮೇಲೆ ನೀರು ತೊಟ್ಟಿಕ್ಕಿದಾಗ.

ಮೇಲಿನ ಮಹಡಿಯವರು ಶವರ್ ಒತ್ತಡ ನೋಡಬೇಕು. ಓವರ್‌ಹೆಡ್ ಟ್ಯಾಂಕ್ ತಲೆ ಮೇಲೇ ಇರುವುದರಿಂದ ಕೊನೇ ಎರಡು ಮಹಡಿಗೆ ಒತ್ತಡ ಸಾಲುವುದಿಲ್ಲ, ಅಲ್ಲಿಗೆ ಪ್ರೆಷರ್ ಪಂಪ್ ಹಾಕಿದ್ದಾರಾ ಕೇಳಿ. ಕೆಳಗಿನ ಮಹಡಿಯವರ ಕಷ್ಟ ಇದರ ಉಲ್ಟಾ, ಒತ್ತಡ ಜಾಸ್ತಿಯಾಗಿ ನಲ್ಲಿ, ಕನೆಕ್ಷನ್ ಪೈಪುಗಳು ಬಿಟ್ಟುಕೊಳ್ಳುತ್ತವೆ.

ಕಿಟಕಿ: ಯುಪಿವಿಸಿ ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ಪುಟ್ಟಿ, ಸಿಮೆಂಟ್ ಸೇರಿ ಅವು ಮುಚ್ಚಿಹೋಗಿರುತ್ತವೆ. ಮಳೆ ನೀರು ಹಳಿ ತುಂಬಿ ಮನೆಯೊಳಗೆ ಬರುತ್ತದೆ. ಒಂದು ಚೊಂಬು ನೀರು ಹಳಿಗೆ ಸುರಿದರೆ ಉತ್ತರ ಸಿಗುತ್ತದೆ.

ನೀರಿನಾಚೆಗೆ ಟೈಲ್ಸ್. ತಟ್ಟಿದರೆ ಬುರುಡೆ ಸದ್ದು ಬಂದರೆ ಕೆಳಗೆ ಸಿಮೆಂಟ್ ಪೂರ್ತಿ ಹಿಡಿದಿಲ್ಲ ಅಂತ. ಮೂಲೆಯಲ್ಲಿ ಸ್ವಲ್ಪ ಸದ್ದು ಬಂದರೆ ಜಗಳ ಆಡುವಂಥದ್ದಲ್ಲ, ಅರ್ಧ ಟೈಲ್ ಪೊಳ್ಳಾಗಿದ್ದರೆ, ಅದೂ ಓಡಾಡುವ ಜಾಗದಲ್ಲಿ ಅಥವಾ ಭಾರದ ಮಂಚ ಬರುವ ಜಾಗದಲ್ಲಿದ್ದರೆ ಬದಲಾಯಿಸಲು ಹೇಳಿ.

ವೈರಿಂಗಿನಲ್ಲಿ ನಾನು ಬಿಡದೆ ನೋಡುವುದು ಅರ್ಥಿಂಗ್. ಸಾಕೆಟ್ ಟೆಸ್ಟರ್ ಒಂದು ಚಿಕ್ಕ ಪ್ಲಗ್ಗು, ಆನ್‌ಲೈನಿನಲ್ಲಿ ಸಿಗುತ್ತದೆ, ಚುಚ್ಚಿದರೆ ಅರ್ಥ್ ಇದೆಯಾ, ಫೇಸ್ ನ್ಯೂಟ್ರಲ್ ಅದಲುಬದಲಾಗಿದೆಯಾ ಅಂತ ಲೈಟಿನಲ್ಲೇ ತೋರಿಸುತ್ತದೆ. ಒಂದೂ ಬಿಡದೆ ಎಲ್ಲ ಸಾಕೆಟ್ಟಿಗೂ ಹಾಕಿ. ಡಿಬಿ ಬಾಕ್ಸಿನಲ್ಲಿ (ಮನೆಯ ಮೇನ್ ಸ್ವಿಚ್ಚುಗಳಿರುವ ಡಬ್ಬಿ) 30 ಮಿಲಿಆಂಪಿನ ಆರ್‌ಸಿಸಿಬಿ ಇರಬೇಕು, ಅದರ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಬೀಳಬೇಕು. ಶಾಕ್ ಹೊಡೆದಾಗ ಜೀವ ಉಳಿಸುವ ಸ್ವಿಚ್ಚು ಅದೇ. ಗೀಸರ್ ಮತ್ತು ಎಸಿ ಪಾಯಿಂಟಿಗೆ 4 ಚದರ ಮಿಲಿಮೀಟರ್ ವೈರ್ ಹಾಕುವುದು ರೂಢಿ, ಸ್ವಿಚ್ ಬೋರ್ಡ್ ಒಂದೆರಡನ್ನು ಬಿಚ್ಚಿಸಿ ನೋಡಿ. ಕರೆಂಟ್ ಹೋದಾಗ ಜನರೇಟರಿನಲ್ಲಿ ಯಾವ ಯಾವ ಪಾಯಿಂಟ್ ನಡೆಯುತ್ತದೆ ಅಂತಲೂ ಕೇಳಿ. ಫ್ರಿಜ್ಜಿನದು ಎಷ್ಟೋ ಮನೆಯಲ್ಲಿ ಇರುವುದಿಲ್ಲ.

ಗೋಡೆಯಲ್ಲಿ ಬಿರುಕು ಇದೆ. ಮನೆ ಬೇಡ ಅಂದುಬಿಡಲಾ?

ಸ್ವಲ್ಪ ತಡೆಯಿರಿ. ಕೂದಲೆಳೆಯಂಥ, ಜೇಡರ ಬಲೆಯ ಹಾಗೆ ಹರಡಿದ ಬಿರುಕು ಪ್ಲಾಸ್ಟರ್ ಒಣಗುವಾಗ ಬರುವುದು. ಸರಿಯಾಗಿ ಕ್ಯೂರಿಂಗ್ (ನೀರು ಹಾಕಿ ನೆನೆಸುವುದು) ಮಾಡಿಲ್ಲ ಅಂತ ಹೇಳುತ್ತದೆ, ಕಟ್ಟಡ ಬೀಳುತ್ತದೆ ಅಂತ ಅಲ್ಲ. ಕಂಬ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ನೆಟ್ಟಗೆ ಒಂದು ಗೆರೆ, ಅಥವಾ ಬೀಮಿನ ಕೆಳಗೆ ಅಡ್ಡ ಗೆರೆ ಇದ್ದರೆ ಅಲ್ಲಿ ಕೋಳಿ ಜಾಲರಿ ಹಾಕದೆ ಪ್ಲಾಸ್ಟರ್ ಮಾಡಿರಬಹುದು. ಕಾಂಕ್ರೀಟು ಮತ್ತು ಬ್ಲಾಕು ಬಿಸಿಲಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ಮಧ್ಯದಲ್ಲಿ ಪ್ಲಾಸ್ಟರ್ ಸೀಳುತ್ತದೆ. ಕೆತ್ತಿ, ಜಾಲರಿ ಹಾಕಿ, ಮತ್ತೆ ಪ್ಲಾಸ್ಟರ್ ಮಾಡಬೇಕು. ಬರೀ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಮುಂದಿನ ಬೇಸಿಗೆಗೆ ಮತ್ತೆ ಬರುತ್ತದೆ.

ಗಾಬರಿ ಆಗಬೇಕಾದ್ದು ಬೇರೆ. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ಬೆಳೆಯುತ್ತಿರುವ ಬಿರುಕು, ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಕಾಣುವ ಬಿರುಕು, ನಾಣ್ಯದ ಅಂಚು ತೂರುವಷ್ಟು ಅಗಲದ್ದು, ಮತ್ತು ಕಂಬ, ಬೀಮ್, ಸ್ಲ್ಯಾಬಿನಲ್ಲೇ ಇರುವ ಯಾವುದೇ ಬಿರುಕು. ಇವುಗಳಿಗೆ ಮಾಮೂಲಿ ಇನ್ಸ್‌ಪೆಕ್ಟರ್ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೆದಿಡಿ, ಮುಂದಿನ ಸಲ ಬಂದಾಗ ಗೆರೆ ದಾಟಿದೆಯಾ ನೋಡಿ.

ನಮ್ಮದು ಮೈವಾನ್ ಕಟ್ಟಡ. ಗೋಡೆಯೆಲ್ಲ ಕಾಂಕ್ರೀಟ್. ಇಲ್ಲೂ ಬೇಕಾ?

ಬೇಕು, ನೋಡುವ ಜಾಗ ಬೇರೆ ಅಷ್ಟೆ. ಅಲ್ಯುಮಿನಿಯಂ ಅಚ್ಚಿನಲ್ಲಿ ಗೋಡೆ ಸ್ಲ್ಯಾಬ್ ಒಟ್ಟಿಗೆ ಸುರಿದಿರುವುದರಿಂದ ಬ್ಲಾಕ್ ಗೋಡೆಯ ಬಿರುಕುಗಳು ಕಡಿಮೆ, ಗೋಡೆ ನೆಟ್ಟಗೂ ಇರುತ್ತದೆ. ಆದರೆ ಅಚ್ಚು ಹಿಡಿದಿಡಲು ಹಾಕಿದ ಕಂಬಿಗಳ ತೂತುಗಳು ಹೊರಗೋಡೆಯಲ್ಲಿ ಸರಿಯಾಗಿ ಮುಚ್ಚದೆ ಹೋದರೆ ಅಲ್ಲಿಂದಲೇ ಮಳೆ ನೀರು ಒಳಗೆ ಬರುತ್ತದೆ. ಇನ್ನೊಂದು, ಸ್ವಿಚ್ ಪಾಯಿಂಟ್ ಆಮೇಲೆ ಬದಲಾಯಿಸಲು ಆಗುವುದಿಲ್ಲ, ಗೋಡೆ ಕೊರೆಯಲು ಬಿಲ್ಡರ್ ಬಿಡುವುದಿಲ್ಲ, ಬಿಡಬಾರದು ಕೂಡ. ವೈರ್ ಪೈಪು ಕಾಂಕ್ರೀಟಿನೊಳಗೆ ಕಟ್ಟಿಕೊಂಡಿದ್ದರೆ ಆ ಪಾಯಿಂಟ್ ಹೋಯಿತು ಅಂತಲೇ ಲೆಕ್ಕ. ಎಲ್ಲ ಪಾಯಿಂಟಿಗೂ ಕರೆಂಟ್ ಬರುತ್ತದಾ ನೋಡಿ, ಟಿವಿ ಇಂಟರ್ನೆಟ್ ಪೈಪಿನಲ್ಲಿ ತಂತಿ ಓಡಿಸಿ ನೋಡಿ.

ಥರ್ಮಲ್ ಕ್ಯಾಮೆರಾ ಇರುವವರೇ ಬೇಕಾ?

ಇದ್ದರೆ ಒಳ್ಳೆಯದು, ಅದೊಂದೇ ನೋಡಿ ಆರಿಸಬೇಡಿ. ಆ ಕ್ಯಾಮೆರಾ ತೇವವನ್ನು ನೋಡುವುದಿಲ್ಲ, ಬಿಸಿ ತಂಪಿನ ವ್ಯತ್ಯಾಸ ನೋಡುತ್ತದೆ. ಒದ್ದೆ ಜಾಗ ತಂಪಾಗಿರುವುದರಿಂದ ನೀಲಿಯಾಗಿ ಕಾಣುತ್ತದೆ, ಆದರೆ ನೆರಳು ಬಿದ್ದ ಗೋಡೆಯೂ, ಒಳಗೆ ಕಂಬ ಇರುವ ಜಾಗವೂ ಹಾಗೇ ಕಾಣಬಹುದು. ನೀಲಿ ಕಂಡ ಕಡೆ ತೇವದ ಮೀಟರ್ ಇಟ್ಟು ಖಚಿತ ಮಾಡಿಕೊಂಡರೆ ಸರಿ. ಬಣ್ಣಬಣ್ಣದ ಫೋಟೋ ತುಂಬಿದ ದಪ್ಪ ರಿಪೋರ್ಟಿಗಿಂತ, ಬಕೆಟ್ ಹಿಡಿದು ಓಡಾಡಿದವನ ನಾಲ್ಕು ಪುಟ ಎಷ್ಟೋ ವಾಸಿ.

ಇನ್ಸ್‌ಪೆಕ್ಷನ್‌ನಲ್ಲಿ ಗೊತ್ತಾಗದೇ ಇರುವುದು ಏನು?

ಬೇಕಾದಷ್ಟಿದೆ. ಕಂಬದೊಳಗೆ ಎಷ್ಟು ಕಬ್ಬಿಣ ಹಾಕಿದ್ದಾರೆ, ಪಾಯ ಎಷ್ಟು ಆಳ, ಗೋಡೆಯೊಳಗಿನ ಪೈಪು ಯಾವ ಕಂಪನಿಯದು, ಇವು ಕಣ್ಣಿಗೆ ಕಾಣುವುದಿಲ್ಲ. ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡಲು ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳಿವೆ, ಆದರೆ ಅವು ಇಡೀ ಕಟ್ಟಡಕ್ಕೆ ಮಾಡಿಸಬೇಕಾದವು, ಅನುಮಾನ ಇದ್ದರೆ ಅಸೋಸಿಯೇಷನ್ ಸೇರಿ ಮಾಡಿಸಬೇಕು. ಲಿಫ್ಟು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಬೆಂಕಿ ಆರಿಸುವ ವ್ಯವಸ್ಥೆ, ಬೇಸ್‌ಮೆಂಟಿನ ಸೋರಿಕೆ ಕೂಡ ಹಾಗೇ. ಬೇಸ್‌ಮೆಂಟಿಗೆ ಮಾತ್ರ ನೀವೇ ಒಮ್ಮೆ ಇಳಿದು ನೋಡಿ ಬನ್ನಿ, ಗೋಡೆ ಸೋರುತ್ತಿದ್ದರೆ ಆ ಕಟ್ಟಡದ ಕೆಲಸದ ಬಗ್ಗೆ ಒಂದು ಅಂದಾಜು ಬರುತ್ತದೆ.

ಕಾಗದಪತ್ರ ಇನ್ಸ್‌ಪೆಕ್ಟರ್ ಕೆಲಸ ಅಲ್ಲ, ವಕೀಲರ ಕೆಲಸ. ಓಸಿ ಮಾತ್ರ ನೀವೇ ಕಣ್ಣಾರೆ ನೋಡಿ, ನಿಮ್ಮ ಟವರಿಗೆ ಬಂದಿದೆಯಾ ಅಂತ. ಕೆಲವೊಮ್ಮೆ ಪಾರ್ಷಿಯಲ್ ಓಸಿ ಪಕ್ಕದ ಟವರಿನದು ಆಗಿರುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸರ್ಟಿಫಿಕೇಟ್ ನೋಡಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಕನೆಕ್ಷನ್ ಕೊಡಬೇಕು ಅಂತ ಹೇಳಿದ ಮೇಲೆ ಓಸಿ ಇಲ್ಲದ ಫ್ಲಾಟ್ ತೆಗೆದುಕೊಳ್ಳುವುದು ಇನ್ನೂ ದೊಡ್ಡ ತಲೆನೋವು.

ಕಾರ್ಪೆಟ್ ಏರಿಯಾ ಅಳೆಯಿಸಬೇಕಾ?

ಅಳೆಯಿಸಿ, ಲೇಸರ್ ಹೇಗೂ ಕೈಯಲ್ಲೇ ಇರುತ್ತದೆ. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಒಳಗೆ ಬಳಸುವ ನೆಲ ಮತ್ತು ಒಳಗಿನ ಗೋಡೆಗಳು. ಹೊರಗೋಡೆ, ಡಕ್ಟು, ಬಾಲ್ಕನಿ, ಟೆರೇಸ್ ಸೇರುವುದಿಲ್ಲ. ಅಗ್ರಿಮೆಂಟಿನ ಅಂಕಿಗಿಂತ ಕಡಿಮೆ ಬಂದರೆ ಏನು ಮಾಡಬೇಕು ಅನ್ನೋದು ಅದೇ ಅಗ್ರಿಮೆಂಟಿನಲ್ಲಿ ಇರುತ್ತದೆ. ಪ್ಲಾಸ್ಟರ್ ದಪ್ಪದಿಂದ ಬರುವ ಚೂರುಪಾರು ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

"ಮೊದಲು ಪೊಸೆಷನ್ ತಗೊಳ್ಳಿ ಸಾರ್, ಐದು ವರ್ಷ ವಾರಂಟಿ ಇದೆಯಲ್ಲ" ಅನ್ನುತ್ತಾರೆ. ನಿಜಾನಾ?

ಅರ್ಧ ನಿಜ. ಕಾಯ್ದೆಯ 14ನೇ ಸೆಕ್ಷನ್ನಿನ 3ನೇ ಉಪವಿಧಿ ಹೇಳುವುದು ಇಷ್ಟು: ಪೊಸೆಷನ್ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯ ದೋಷ, ಕೆಲಸದ ದೋಷ, ಗುಣಮಟ್ಟದ ದೋಷ ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ದುಡ್ಡು ಕೇಳದೆ ಸರಿಮಾಡಬೇಕು, ಮಾಡದಿದ್ದರೆ ನಿಮಗೆ ಪರಿಹಾರ ಕೇಳುವ ಹಕ್ಕಿದೆ. ಒಳ್ಳೇ ಕಾನೂನು. ಆದರೆ ಪೊಸೆಷನ್ ಆದ ಮೇಲೆ ಗೀರು ಬಿದ್ದ ಟೈಲ್, ಒಡೆದ ಗಾಜು, ಸೊಟ್ಟ ಬಾಗಿಲು ಇವು ಮುಂಚೆಯಿಂದ ಇದ್ದವೋ ನೀವು ಮಾಡಿದ್ದೋ ಅನ್ನುವ ಜಗಳ ಶುರುವಾಗುತ್ತದೆ. ಪೊಸೆಷನ್ ಲೆಟರಿನಲ್ಲಿ "ಮನೆ ಸುಸ್ಥಿತಿಯಲ್ಲಿದೆ, ನನ್ನ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಬೇರೆ ಇರುತ್ತದೆ. ಅದರ ಕೆಳಗೆ ಸಹಿ ಹಾಕಲೇಬೇಕಾಗಿ ಬಂದರೆ "ಲಗತ್ತಿಸಿದ ದೋಷಗಳ ಪಟ್ಟಿಗೆ ಒಳಪಟ್ಟು" ಅಂತ ಕೈಯಲ್ಲೇ ಬರೆದು, ಪಟ್ಟಿ ಪಿನ್ ಮಾಡಿ, ಅವರ ಸೀಲು ಹಾಕಿಸಿಕೊಂಡ ಕಾಪಿ ಇಟ್ಟುಕೊಳ್ಳಿ.

ರಿಪೋರ್ಟ್ ಬಂತು. ಹಾಗೇ ಫಾರ್ವರ್ಡ್ ಮಾಡಿದರೆ ಸಾಕಾ?

ಸಾಲದು. ನೂರಾರು ಐಟಂ ಇರುವ ರಿಪೋರ್ಟ್ ಕಳಿಸಿದರೆ ಬಿಲ್ಡರ್ ಕಡೆಯವರು ಸುಲಭದ್ದನ್ನೆಲ್ಲ ಮುಗಿಸಿ "90 ಪರ್ಸೆಂಟ್ ಆಯಿತು" ಅನ್ನುತ್ತಾರೆ. ಉಳಿದ ಹತ್ತರಲ್ಲಿ ಬಾತ್‌ರೂಮ್ ಸೋರಿಕೆ ಇರುತ್ತದೆ. ನೀವೇ ಎರಡು ಗುಂಪು ಮಾಡಿ. ಮೊದಲನೆಯದು ಇವು ಸರಿಯಾಗದೆ ಕೀ ಬೇಡ ಅನ್ನುವಂಥವು: ಸೋರಿಕೆ, ವಾಟ, ಅರ್ಥಿಂಗ್, ಡ್ರೈನ್, ಓಡಾಡುವ ಕಡೆ ಪೊಳ್ಳು ಟೈಲ್, ಒಂದು ಮೀಟರಿಗಿಂತ ಗಿಡ್ಡ ಇರುವ ಅಥವಾ ಅಲುಗಾಡುವ ಬಾಲ್ಕನಿ ಕಂಬಿ. ಎರಡನೆಯದು ಪೇಂಟ್, ಗೀರು, ಪಾಲಿಶ್. ಪ್ರತಿ ಐಟಮ್ಮಿಗೂ ಕೋಣೆ, ಗೋಡೆಯ ದಿಕ್ಕು, ಫೋಟೋ ನಂಬರ್ ಇರಲಿ. "ಮಾಸ್ಟರ್ ಬೆಡ್‌ರೂಮಿನಲ್ಲಿ ತೇವ" ಅಂತ ಬರೆದರೆ ಕೆಲಸದವನು ಬಂದು "ಎಲ್ಲಿ ಸಾರ್, ಕಾಣಿಸ್ತಾ ಇಲ್ಲ" ಅಂದು ಹೋಗುತ್ತಾನೆ.

ರಿಪೇರಿ ಹೇಗೆ ಮಾಡುತ್ತೀರಿ ಅಂತಲೂ ಕೇಳಿ. ಸೋರುವ ಬಾತ್‌ರೂಮಿಗೆ ಟೈಲ್ ಸಂದಿಯಲ್ಲಿ ಎಪಾಕ್ಸಿ ತುಂಬಿ ಕೈತೊಳೆದುಕೊಳ್ಳುವವರು ಬಹಳ. ಮೊದಲನೇ ಗುಂಪಿನ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿಸಿ, ನೀರು ನಿಲ್ಲಿಸುವುದನ್ನೂ ಸೇರಿಸಿ.

ಏನು ಹೇಳಿದರೂ ಮಾಡುತ್ತಿಲ್ಲ. ದೂರು ಎಲ್ಲಿ ಕೊಡೋದು?

ಕರ್ನಾಟಕ ರೇರಾದಲ್ಲಿ ಆನ್‌ಲೈನ್ ದೂರು ಹಾಕಬಹುದು. ಗ್ರಾಹಕ ನ್ಯಾಯಾಲಯಕ್ಕೂ ಹೋಗಬಹುದು, ರೇರಾ ಇದೆ ಅಂತ ಆ ದಾರಿ ಮುಚ್ಚುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮನೆಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಎರಡೂ ಕಡೆ ಸಮಯ ಹಿಡಿಯುತ್ತದೆ. ಅಲ್ಲಿ ನಿಮ್ಮ ಕೈ ಹಿಡಿಯುವುದು ಪೊಸೆಷನ್‌ಗೆ ಮುಂಚಿನ ತಾರೀಕಿನ ರಿಪೋರ್ಟ್ ಮತ್ತು ಮೇಲ್‌ಗಳು.

30-40 ಸೈಟಿನಲ್ಲಿ ಕಟ್ಟಿ ಮಾರುತ್ತಿರುವ ಮನೆ ನೋಡಿದ್ದೇವೆ. ಅದಕ್ಕೂ ಇದೇ ರೀತಿನಾ?

ಅಲ್ಲಿ ಇನ್ನೂ ಹುಷಾರು. 500 ಚದರ ಮೀಟರ್‌ವರೆಗಿನ ಜಾಗ, ಅಥವಾ ಎಂಟು ಮನೆವರೆಗಿನ ಪ್ರಾಜೆಕ್ಟ್ ರೇರಾದಲ್ಲಿ ನೋಂದಣಿ ಮಾಡಿಸಬೇಕಿಲ್ಲ. 30-40 ಅಂದರೆ ಸುಮಾರು 111 ಚದರ ಮೀಟರ್ ಅಷ್ಟೆ. ಹಾಗಾಗಿ ಆ ಐದು ವರ್ಷದ ಆಸರೆಯನ್ನು ನಂಬಿಕೊಂಡು ಕೂರಬೇಡಿ, ಬೇಕಾದ ವಾರಂಟಿಯನ್ನು ಮಾರಾಟದ ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ. ಇಂಥ ಮನೆಗೆ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆದುಕೊಂಡು ಹೋಗಬೇಕು. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ, ಇಲ್ಲ ಅಂದರೆ ಮೇಸ್ತ್ರಿ ಅಂದಾಜಿನಲ್ಲಿ ಕಟ್ಟಿರುವ ಸಾಧ್ಯತೆ ಇದೆ. ಮಂಜೂರಾದ ಪ್ಲಾನಿನಲ್ಲಿ ಎಷ್ಟು ಮಹಡಿ ಇದೆ, ಎದುರಿಗೆ ಎಷ್ಟು ನಿಂತಿದೆ, ಸುತ್ತ ಬಿಟ್ಟ ಜಾಗ ಪ್ಲಾನಿನಲ್ಲಿದ್ದಷ್ಟು ಇದೆಯಾ ಅಳೆಯಿರಿ. ಟೆರೇಸಿನ ಮೇಲೆ ನೀರು ನಿಲ್ಲಿಸಿ ನೋಡಿ, ಸಂಪಿನೊಳಗೆ ಇಣುಕಿ. ಅಕ್ಕಪಕ್ಕದವರನ್ನು ಮಾತಾಡಿಸಿ. ಕಟ್ಟುವಾಗ ನೀರು ಹಾಕುತ್ತಿದ್ದರಾ, ಮೊದಲು ಈ ಸೈಟಿನಲ್ಲಿ ಏನಿತ್ತು, ಮಳೆಗೆ ರಸ್ತೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ, ಎಲ್ಲ ಹೇಳುತ್ತಾರೆ. ಹಳೇ ಕೆರೆಯಂಗಳವೋ ರಾಜಕಾಲುವೆ ಪಕ್ಕವೋ ಆಗಿದ್ದರೆ ಅದು ಗೋಡೆ ತಟ್ಟಿ ತಿಳಿಯುವ ವಿಷಯ ಅಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಅಪ್ಪ ಅಮ್ಮನ ಕೈಯಲ್ಲಿ ಕೀ ತೆಗೆದುಕೊಳ್ಳಲು ಹೇಳಬಹುದಾ?

ಕೀ ತೆಗೆದುಕೊಳ್ಳಲಿ, ಸಹಿಗೆ ಮುಂಚೆ ಇನ್ಸ್‌ಪೆಕ್ಷನ್ ಆಗಲಿ. ವಯಸ್ಸಾದವರು ಒಬ್ಬರೇ ಹೋದರೆ ಮಾಡೆಲ್ ಫ್ಲಾಟಿನಲ್ಲಿ ಕಾಫಿ ಕೊಟ್ಟು, ಕೇಕ್ ಕತ್ತರಿಸಿ, ಫೋಟೋ ತೆಗೆದು ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಇನ್ಸ್‌ಪೆಕ್ಟರ್ ಇರುವ ಹೊತ್ತಿಗೆ ವೀಡಿಯೋ ಕಾಲ್‌ನಲ್ಲಿ ನೀವೂ ಇರಿ. ಪವರ್ ಆಫ್ ಅಟಾರ್ನಿಯಲ್ಲಿ ಪೊಸೆಷನ್ ತೆಗೆದುಕೊಳ್ಳುವ ಅಧಿಕಾರದ ಜೊತೆ ದೋಷಗಳ ಪಟ್ಟಿ ಕೊಡುವ, ದೂರು ಕೊಡುವ ಅಧಿಕಾರವನ್ನೂ ವಕೀಲರ ಹತ್ತಿರ ಸೇರಿಸಿಸಿ.

ಇನ್ಸ್‌ಪೆಕ್ಟರ್‌ಗೆ ದುಡ್ಡಿಲ್ಲ. ನಾವೇ ನೋಡಬಹುದಾ?

ನೋಡಬಹುದು, ಅರ್ಧಕ್ಕಿಂತ ಜಾಸ್ತಿ ಕೈಗೆ ಸಿಗುತ್ತದೆ. ಎರಡು ಬಕೆಟ್, ಸಾಕೆಟ್ ಟೆಸ್ಟರ್, ಟಾರ್ಚ್, ಟೇಪು, ಒಂದು ರಸಮಟ್ಟ, ತಟ್ಟಲು ಒಂದು ಕೋಲು, ಚಾಕ್ ಪೀಸ್. ಹಗಲು ಹೋಗಿ. ಗೋಡೆಗೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಉಬ್ಬುತಗ್ಗು ಎದ್ದು ಕಾಣುತ್ತದೆ. ಪರಿಚಯದ ಮೇಸ್ತ್ರಿ, ಪ್ಲಂಬರ್ ಇದ್ದರೆ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಒಳ್ಳೇ ಪ್ಲಂಬರ್ ಫ್ಲಶ್ಶಿನ ಸದ್ದಿನಲ್ಲೇ ಪೈಪಿನ ಕಥೆ ಹೇಳುತ್ತಾನೆ. ವೈರಿಂಗಿಗೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬೇಕು.

ಕೀ ತೆಗೆದುಕೊಳ್ಳುವ ದಿನ ಇನ್ನೇನು ಕೇಳಿ ಇಸ್ಕೊಳ್ಳಬೇಕು?

ಪೈಪು ಮತ್ತು ವೈರು ಗೋಡೆಯೊಳಗೆ ಎಲ್ಲಿ ಹೋಗಿದೆ ಅನ್ನುವ ಡ್ರಾಯಿಂಗ್, ಇಲ್ಲದಿದ್ದರೆ ಟಿವಿ ಸ್ಟ್ಯಾಂಡ್ ಹಾಕುವ ದಿನ ಡ್ರಿಲ್ ನೇರ ನೀರಿನ ಪೈಪಿಗೆ ಹೋಗುತ್ತದೆ. ನಲ್ಲಿ, ಕಿಟಕಿ, ಬೀಗ, ಸ್ವಿಚ್‌ಗಳ ವಾರಂಟಿ ಕಾಗದ. ಪೇಂಟಿನ ಶೇಡ್ ನಂಬರ್. ಮತ್ತೆ ಟೈಲ್ಸ್: ನಿಮ್ಮ ಮನೆಗೆ ಹಾಕಿದ ಅದೇ ಲಾಟಿನ ಟೈಲ್ ಪ್ರತಿ ಬಗೆಯಲ್ಲೂ ಒಂದೊಂದು ಬಾಕ್ಸ್ ಕೇಳಿ. ಸೈಟಿನಲ್ಲಿ ಉಳಿದಿರುತ್ತದೆ, ಆವತ್ತು ಕೇಳಿದರೆ ಸುಮ್ನೆ ಕೊಟ್ಟುಬಿಡುತ್ತಾರೆ. ಎರಡು ವರ್ಷ ಬಿಟ್ಟು ಅಂಗಡಿಯಲ್ಲಿ ಹುಡುಕಿದರೆ ಅದೇ ಹೆಸರಿನ ಟೈಲ್ ಸಿಕ್ಕರೂ ಬಣ್ಣ ಹೊಂದುವುದಿಲ್ಲ.